ಹೊಡೆಯದೆ ಬಿಟ್ಟ ದಿನ

ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಅಲ್ಲಾಡಬೇಡಿ ಎಂದು ಸೀಸದ ಗಾಜಿನ ಹಿಂದೆ ನಿಂತು ಮೈಕಿನಲ್ಲಿ ಹೇಳುವಾಗ ಮಾತ್ರ ಅವನ ನಾಲಿಗೆ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಹದಿನೇಳು ವರ್ಷಗಳಿಂದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ಐವತ್ತು ಅರವತ್ತು ಸಲ ಹೇಳಿ ಹೇಳಿ ಆ ಮೂರು ಮಾತು ಬಾಯಲ್ಲಿ ನುಣುಪಾಗಿದ್ದವು. ಉಳಿದ ಮಾತೆಲ್ಲ ಮೊದಲ ಅಕ್ಷರದಲ್ಲೇ ನಿಂತುಬಿಡುತ್ತಿತ್ತು, ಚಿಕ್ಕಂದಿನಿಂದ ಉಗ್ಗು. ಆ ಸೋಮವಾರ ಎದೆಯ ಎಕ್ಸ್‌ರೇಗೆ ಬಂದಿದ್ದ ಮುದುಕಿ ಎರಡು ಸಲ ಅಲುಗಾಡಿದಳು, ಎರಡು ಸಲವೂ ಚಿತ್ರ ಮಸುಕಾಯಿತು. ಮೂರನೆಯ ಸಲ ಅವನು ಒಳಗೆ ಹೋಗಿ ಅವಳ ಭುಜಗಳನ್ನು ಹಿಡಿದು ತಣ್ಣಗಿನ ಹಲಗೆಗೆ ಒತ್ತಿ ನಿಲ್ಲಿಸಿದ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಿದ. ನೋಯುತ್ತಪ್ಪ ಎಂದು ಅವಳು ಮೆಲ್ಲಗೆ ಹೇಳಿದ್ದು ಕೇಳಿಸಿತು, ಆದರೆ ಅವನು ಗಡಿಯಾರ ನೋಡುತ್ತಿದ್ದ. ಒಂದು ಇಪ್ಪತ್ತು. ಒಂದೂವರೆಗೆ ಪಾಳಿ ಮುಗಿಯುತ್ತದೆ. ಎರಡು ಗಂಟೆಗೆ ಆಟದಲ್ಲಿ ಬ್ರೇಕ್ ಎಂಬ ಹೆಸರಿನವನು ಬರುತ್ತಾನೆ. ಇವತ್ತು ಚರಂಡಿಯ ದಾರಿಯಲ್ಲೇ ಬರುತ್ತಾನೆ, ಯಾಕೆಂದರೆ ಆ ದಾರಿಯನ್ನು ನಿನ್ನೆ ಭಾನುವಾರದ ಊಟದ ಹೊತ್ತಿನಲ್ಲಿ ಹೇಳಿಕೊಟ್ಟವನು ತಾನೇ.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ ಅವನ ಮನೆ. ಕೆಳಗಿನ ಹೊಲಿಗೆ ಯಂತ್ರಗಳ ಸದ್ದು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು. ಬೆಳಿಗ್ಗೆ ಮುಚ್ಚಿಟ್ಟಿದ್ದ ಊಟವನ್ನು ನಿಂತೇ ಮುಗಿಸಿ, ಕೈ ತೊಳೆದು, ಬೆರಳುಗಳ ನಡುವೆ ಒದ್ದೆ ಉಳಿಯದಂತೆ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಏರಿಸಿದ. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಇಂಟರ್‌ನೆಟ್ಟಿನ ಗುಂಡಿನ ಆಟವೊಂದರಲ್ಲಿ, ಒಂದೇ ಸರ್ವರಿನಲ್ಲಿ ಸೇರುವ ಇಪ್ಪತ್ತು ಮೂವತ್ತು ಜನರ ಬಳಗ ಅದು: ಪಾಳಿ ಕೆಲಸದವರು, ನಿವೃತ್ತರು, ಕೆಲಸ ಕಳೆದುಕೊಂಡವರು. ಒಬ್ಬರಿಗೂ ಇನ್ನೊಬ್ಬರ ನಿಜವಾದ ಹೆಸರು ಗೊತ್ತಿಲ್ಲ. ಎರಡು ಪಡೆ, ಒಂದು ಹಾಳುಬಿದ್ದ ಕಾರ್ಖಾನೆ, ಅದರ ನಡುವಿನ ಬಯಲಿನಾಚೆ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಬಾವುಟ ಏರಿಸಿದ ಪಡೆ ಗೆದ್ದಂತೆ, ಬಿದ್ದವರು ತುಸು ಹೊತ್ತಿಗೆ ಮತ್ತೆ ಎದ್ದು ಬರುತ್ತಾರೆ. ಅಲ್ಲಿ ಅವನ ಹೆಸರು ಸೂಜಿ. ದೂರದಿಂದ ಒಂದೇ ಗುಂಡಿಗೆ ಕೆಡಹುವ ಸ್ನೈಪರ್ ಬಿಟ್ಟು ಬೇರೆ ಪಾತ್ರವನ್ನು ಅವನು ಒಂದು ದಿನವೂ ಆಡಿರಲಿಲ್ಲ. ಹೊಸಬರು ಸ್ನೈಪರ್ ಬಂದೂಕು ಸಿಕ್ಕ ಕೂಡಲೇ ಎತ್ತರದ ಕಿಟಕಿಗೆ ಓಡಿ, ಕೊಳವೆಯನ್ನು ಹೊರಗೆ ಚಾಚಿ, ದುರ್ಬೀನಿನೊಳಗೇ ಕಣ್ಣಿಟ್ಟು ಕೂರುತ್ತಾರೆ. ಹಾಗೆ ಕೂತವನಿಗೆ ದುರ್ಬೀನಿನ ವೃತ್ತದ ಹೊರಗೆ ಲೋಕವೇ ಇರುವುದಿಲ್ಲ. ಬಿಸಿಲಿಗೆ ಅದರ ಗಾಜು ಮಿಂಚಿದ್ದನ್ನು ನೋಡಿ ಯಾರೋ ಮುಗಿಸುತ್ತಾರೆ. ಅವನು ಕಿಟಕಿಯಿಂದ ಆರು ಹೆಜ್ಜೆ ಹಿಂದೆ, ಕೋಣೆಯ ಕತ್ತಲಲ್ಲಿ ನಿಲ್ಲುತ್ತಿದ್ದ. ಮೊದಲು ಬರಿಗಣ್ಣಲ್ಲಿ ಇಡೀ ಬಯಲನ್ನು ನೋಡಿ, ಆಮೇಲೆ ಗುರಿಯ ಚುಕ್ಕಿಯನ್ನು ಶತ್ರು ಇರುವ ಕಡೆಗಲ್ಲ, ಅವನ ತಲೆ ಮೂಡಲಿರುವ ಜಾಗಕ್ಕೆ ಇಟ್ಟು ಕಾಯುತ್ತಿದ್ದ. ಸಾಲಾಗಿ ಬಂದರೆ ಮುಂದಿನವನನ್ನು ಬಿಟ್ಟು ಕೊನೆಯವನನ್ನು ಹೊಡೆಯುತ್ತಿದ್ದ, ಮುಂದಿನವರಿಗೆ ತಿಳಿಯಲು ಅಷ್ಟು ತಡವಾಗಲಿ ಎಂದು. ಎರಡು ಗುಂಡಿನ ಮೇಲೆ ಒಂದೇ ಜಾಗದಲ್ಲಿ ನಿಂತಿದ್ದೇ ಇಲ್ಲ. ಇದೆಲ್ಲ ಯಾರು ಬೇಕಾದರೂ ಕಲಿಯಬಹುದು. ಕಲಿಯಲಾಗದ್ದು ಕಾಯುವುದು, ಮತ್ತು ಅದನ್ನು ಅವನು ಹುಟ್ಟಿದಾಗಿನಿಂದ ಮಾಡಿಕೊಂಡೇ ಬಂದಿದ್ದ, ಬಾಯಿಯೊಳಗಿನ ಮಾತು ಹೊರಗೆ ಬರಲಿ ಎಂದು.

ಚರಂಡಿಯ ಬಾಯಿ ತುಕ್ಕು ಹಿಡಿದ ಲಾರಿಯ ಎಡಕ್ಕಿತ್ತು. ಚುಕ್ಕಿಯನ್ನು ಅಲ್ಲಿಟ್ಟು ಕೂತ. ಅವನ ಪಡೆಯವರು ಬಲಗಡೆಯ ಗೋಡೆ ಒಡೆಯುತ್ತಿದ್ದಾರೆ, ಒಬ್ಬಿಬ್ಬರು ಬಿದ್ದು ಕೂಗುತ್ತಿದ್ದಾರೆ, ಸೂಜಿ ಎಲ್ಲಿ ಸತ್ತ ಎಂದು ಯಾರೋ ಬರೆದಿದ್ದಾರೆ. ಅವನಿಗೆ ಅದಾವುದೂ ಬೇಕಿರಲಿಲ್ಲ. ಪರದೆಯ ಮೂಲೆಯ ಪಟ್ಟಿಯಲ್ಲಿ ಬ್ರೇಕ್ ಎಂಬ ಹೆಸರು ಹಸಿರಾಗಿತ್ತು. ಆ ಹೆಸರನ್ನು ಇಟ್ಟವನೂ ತಾನೇ. ಬ್ರೇಕ್ ಅವನ ಅಣ್ಣ, ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವನು. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು ಊರೆಲ್ಲ ಸುತ್ತಿದವನು. ಸ್ಟೀರಿಂಗು ಯಾರ ಕೈಯಲ್ಲೇ ಇರಲಿ, ಗಾಡಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಅವನೇ. ಮಾತೂ ಹಾಗೆಯೇ. ತಮ್ಮನ ಬಾಯಲ್ಲಿ ಮೊದಲ ಅಕ್ಷರ ಒದ್ದಾಡುತ್ತಿರುವಾಗಲೇ ಅಣ್ಣ ಪಕ್ಕದಿಂದ ಪೂರ್ತಿ ವಾಕ್ಯವನ್ನು ಹೇಳಿ ಮುಗಿಸುತ್ತಿದ್ದ. ಟಿಕೆಟ್ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ಕೆಲಸದ ಸಂದರ್ಶನಕ್ಕೆ ಬಾಗಿಲವರೆಗೂ ಬಂದು ಅಲ್ಲಿನ ಗುಮಾಸ್ತನ ಹತ್ತಿರ. ಯಾವತ್ತೂ ತಪ್ಪು ಹೇಳುತ್ತಿರಲಿಲ್ಲ, ಅದೇ ಸಹಿಸಲಾಗದ್ದು. ಅವನು ಹೇಳಬೇಕೆಂದಿದ್ದನ್ನೇ, ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದ. ವಾರ್ಡಿನಲ್ಲಿ ಹೊಸದಾಗಿ ಸೇರಿದ್ದ ಒಬ್ಬ ನರ್ಸಿಗೆ ಒಂದು ಮಾತು ಹೇಳಲು ಅವನು ಮೂರು ತಿಂಗಳು ತಯಾರಾಗಿದ್ದ. ಕನ್ನಡಿಯ ಮುಂದೆ, ಬಚ್ಚಲಲ್ಲಿ, ದಾರಿಯಲ್ಲಿ. ಆಸ್ಪತ್ರೆಯ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿ ಬಾಯಿ ತೆರೆದ ಹೊತ್ತಿಗೆ ಅವನನ್ನು ಕರೆದೊಯ್ಯಲು ಬಂದ ಅಣ್ಣ ಕಾರಿನಿಂದ ತಲೆ ಹೊರಹಾಕಿ, ಇವನಿಗೆ ನೀವು ಅಂದ್ರೆ ಇಷ್ಟ ಕಣ್ರಮ್ಮ, ಅದನ್ನ ಹೇಳೋಕೆ ಒದ್ದಾಡ್ತಿದ್ದಾನೆ ಅಷ್ಟೇ ಎಂದುಬಿಟ್ಟಿದ್ದ. ಅವಳು ನಕ್ಕಳು. ಕೆಟ್ಟ ನಗುವಲ್ಲ, ಮಗುವನ್ನು ನೋಡಿ ನಗುವ ನಗು. ಅಣ್ಣನೂ ನಕ್ಕ. ಅವರಿಬ್ಬರ ಸಮಾಧಾನಕ್ಕೆ ಅವನೂ ನಕ್ಕಿದ್ದ, ಬಾಯಲ್ಲಿ ಆ ಮೊದಲ ಅಕ್ಷರ ಇನ್ನೂ ಹಾಗೇ ಇತ್ತು.

ಎಂಟು ತಿಂಗಳ ಹಿಂದೆ ಅದೇ ಅಣ್ಣನನ್ನು ಸ್ಟ್ರೆಚರಿನ ಮೇಲೆ ಎಕ್ಸ್‌ರೇ ಕೋಣೆಗೆ ತಂದರು. ಪಾರ್ಶ್ವವಾಯು, ಬಲಗೈ ಬಲಗಾಲು ಬಿದ್ದಿದ್ದವು, ಬಾಯಿ ಒಂದು ಕಡೆ ಜಾರಿತ್ತು. ಉಸಿರು ಹಿಡಿದುಕೊಳ್ಳಿ ಎಂದು ಮೈಕಿನಲ್ಲಿ ಹೇಳಿದಾಗ ಅಣ್ಣ ಆ ದನಿ ಎಲ್ಲಿಂದ ಬಂತೆಂದು ತಿಳಿಯದೆ ಚಾವಣಿ ನೋಡಿದ. ಜೀವ ಉಳಿಯಿತು, ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಎಲ್ಲವೂ ತಿಳಿಯುತ್ತಿತ್ತು, ಹೇಳಬೇಕಾದ ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಮನೆಗೆ ಬಂದ ಮೊದಲ ವಾರ ನೋಡಲು ಹೋದಾಗ ಅಣ್ಣ ಮೇಜಿನ ಕಡೆ ಎಡಗೈ ಚಾಚಿ ಕ, ಕ ಎನ್ನುತ್ತಿದ್ದ. ಮೇಜಿನ ಮೇಲೆ ಕನ್ನಡಕ ಇತ್ತು. ಅವನಿಗೆ ಗೊತ್ತಾಗಿತ್ತು. ಎದ್ದು ಕೊಡಬಹುದಿತ್ತು, ಕನ್ನಡಕಾನಾ ಎಂದು ಕೇಳಬಹುದಿತ್ತು. ಅವನು ಕೈ ಕಟ್ಟಿಕೊಂಡು, ಮುಖದ ತುಂಬ ಗಮನ ತುಂಬಿಕೊಂಡು, ಕಾಯುತ್ತ ಕೂತ. ಅಣ್ಣನ ಹಣೆಯಲ್ಲಿ ಬೆವರೊಡೆಯಿತು. ಗಂಟಲಿನ ನರ ಉಬ್ಬಿತು. ತನ್ನ ಮುಖ ಹೊರಗಿನವರಿಗೆ ಹೇಗೆ ಕಾಣುತ್ತಿತ್ತೆಂದು ಅವನು ನಲವತ್ತೆರಡು ವರ್ಷಗಳಲ್ಲಿ ಮೊದಲ ಸಲ ನೋಡಿದ. ಒಂದೂವರೆ ನಿಮಿಷವಾಗಿರಬೇಕು, ಅತ್ತಿಗೆ ಒಳಗಿನಿಂದ ಬಂದು ಕನ್ನಡಕ ಎತ್ತಿಕೊಟ್ಟಳು. ಆಗ ಎದೆಯಲ್ಲಿ ಎದ್ದ ಸಿಹಿಗೆ ಅವನು ಬೆಚ್ಚಿದ. ಮನೆಗೆ ಬಂದು ಮುಖ ತೊಳೆದುಕೊಂಡ. ಮರುವಾರ ಮತ್ತೆ ಹೋದ.

ಆಟವನ್ನು ಅಣ್ಣನ ಮನೆಗೆ ತಂದದ್ದು ಅತ್ತಿಗೆಯ ಮಾತಿನ ಮೇಲೆ. ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಬಲಗೈ ಬೆರಳಿಗೆ ಚೆಂಡು ಒತ್ತುವುದಕ್ಕಿಂತ ಕಂಪ್ಯೂಟರ್ ಆಟ ಒಳ್ಳೆಯದು ಎಂದಿದ್ದರಂತೆ. ನೀನು ಆಡ್ತೀಯಲ್ಲ, ಅಣ್ಣಂಗೂ ಒಂದು ಹಾಕ್ಕೊಡಪ್ಪ ಎಂದಳು. ಡ್ರೈವಿಂಗ್ ಶಾಲೆಯ ಆಫೀಸಿನಲ್ಲಿದ್ದ ಕಂಪ್ಯೂಟರನ್ನು ಅವನೇ ಮನೆಗೆ ಸಾಗಿಸಿ, ಆಟ ಹಾಕಿ, ಹೆಸರಿಟ್ಟು, ಅಣ್ಣನ ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೌಸಿನ ಮೇಲೆ ಇಟ್ಟು ಕಲಿಸಿದ. ಮಧ್ಯಾಹ್ನದ ಬಳಗವನ್ನೇ ತೋರಿಸಿದ, ಅಲ್ಲಿ ಎಲ್ಲರೂ ನಿಧಾನದವರು ಎಂದ. ತಮ್ಮ ಅಲ್ಲಿ ಯಾವ ಹೆಸರಿನಲ್ಲಿರುತ್ತಾನೆಂದು ಅಣ್ಣ ಕೇಳಲಿಲ್ಲ, ಕೇಳಲು ಬೇಕಾದ ಪದ ಅವನಲ್ಲಿರಲಿಲ್ಲ. ತಮ್ಮ ತಾನಾಗಿಯೇ ಹೇಳಲೂ ಇಲ್ಲ. ಆಗ ಅದರಲ್ಲಿ ಕೆಟ್ಟ ಯೋಚನೆಯೇನೂ ಇರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ಹೇಳಿಕೊಂಡ. ಮೂರನೆಯ ದಿನ ದುರ್ಬೀನಿನಲ್ಲಿ ಒಂದು ಆಕೃತಿ ಕಂಡಿತು. ಗೋಡೆಗೆ ಹೋಗಿ ಹಾಯುತ್ತದೆ, ಹಿಂದೆ ಸರಿಯುತ್ತದೆ, ಆಕಾಶ ನೋಡುತ್ತದೆ, ನೆಲ ನೋಡುತ್ತದೆ, ತನ್ನ ಸುತ್ತಲೇ ತಿರುಗುತ್ತದೆ. ಕೈ ಹಿಡಿತಕ್ಕೆ ಸಿಗದವನ ನಡಿಗೆ. ಹೆಸರು ಓದುವ ಮೊದಲೇ ಅವನಿಗೆ ತಿಳಿಯಿತು. ಬಿಡೋಣ ಎಂದುಕೊಂಡ. ಬಿಡೋಣ ಎಂದುಕೊಳ್ಳುತ್ತಲೇ ಉಸಿರು ಹಿಡಿದಾಗಿತ್ತು, ಚುಕ್ಕಿ ಹಣೆಯ ಮೇಲೆ ನಿಂತಾಗಿತ್ತು. ಪರದೆಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಮೂಡಿತು: ಸೂಜಿ, ಬ್ರೇಕನ್ನು ಕೆಡವಿದ. ಆ ದಿನದಿಂದ ಇನ್ನೊಬ್ಬರನ್ನು ಹೊಡೆಯುವುದು ಅವನಿಗೆ ಬರೀ ಕೆಲಸವಾಯಿತು.

ನಿನ್ನೆಯ ಊಟದಲ್ಲಿ ಅಣ್ಣ ದಿನಪತ್ರಿಕೆಯ ಅಂಚಿನಲ್ಲಿ ಎಡಗೈಯಿಂದ ಕಾರ್ಖಾನೆಯ ನಕ್ಷೆ ಬರೆದಿದ್ದ. ಟ್ಯಾಂಕನ್ನು ತೋರಿಸಿ, ಎರಡು ಬೆರಳನ್ನು ನಡೆಸಿ, ಆಮೇಲೆ ಹಣೆಗೆ ಬೆರಳಿಟ್ಟು ಟಪ್ ಎಂದ. ಸೂ, ಸೂ ಎಂದು ಹಲ್ಲು ಕಚ್ಚಿದ. ಅವನಿಗೆ ಆಗ ಅಣ್ಣನ ಮುಖ ನೋಡಲಾಗದೆ ತಟ್ಟೆ ನೋಡಿದ್ದು ನಿಜ. ಆದರೆ ಮರುಕ್ಷಣವೇ ಪೆನ್ನು ತೆಗೆದುಕೊಂಡು, ಬಯಲಲ್ಲಿ ಯಾಕೆ ಹೋಗುತ್ತೀಯ, ಚರಂಡಿಯೊಳಗೆ ಇಳಿ, ಹತ್ತು ಎಣಿಸು, ಲಾರಿಯ ಎಡಕ್ಕೆ ಹತ್ತು ಎಂದು ಗೆರೆ ಎಳೆದುಕೊಟ್ಟ. ಅಷ್ಟು ಹೇಳಲು ಅವನಿಗೆ ಎರಡು ನಿಮಿಷ ಬೇಕಾಯಿತು, ಅಣ್ಣ ಪ್ರತಿ ತೊದಲಿಗೂ ತಲೆಯಾಡಿಸುತ್ತ ಕಾದ. ಈಗ ಅಣ್ಣನಿಗೆ ಬೇರೆ ದಾರಿಯಿರಲಿಲ್ಲ, ಯಾರ ವಾಕ್ಯವನ್ನೂ ಅವನು ಮುಗಿಸಿಕೊಡಲಾರ. ಹಾಳೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡು, ತಮ್ಮನ ಬೆನ್ನಿನ ಮೇಲೆ ಎಡಗೈಯಲ್ಲಿ ಎರಡು ಸಲ ತಟ್ಟಿದ.

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಚರಂಡಿಯ ಬಾಯಲ್ಲಿ ತಲೆ ಮೂಡಿತು. ಹೇಳಿದ ಹಾಗೇ ಎಡಕ್ಕೆ. ಹೊರಗೆ ಬಂದು ಒಂದು ಕ್ಷಣ ನಿಂತು ಟ್ಯಾಂಕಿನ ಕಡೆ ಮುಖ ಎತ್ತಿತು. ಇಷ್ಟು ಹತ್ತಿರ ಅಣ್ಣ ಎಂದೂ ಬಂದಿರಲಿಲ್ಲ. ಅವನು ಕೂಡಲೇ ಹೊಡೆಯಲಿಲ್ಲ. ನಾಲ್ಕು ಹೆಜ್ಜೆ ಬಿಟ್ಟ, ಐದನೆಯದೂ ಬಿಟ್ಟ. ಟ್ಯಾಂಕಿನ ಏಣಿಗೆ ಕೈ ತಾಗುವಷ್ಟರವರೆಗೆ ಬಿಟ್ಟ. ಆಮೇಲೆ ಹೊಡೆದ. ಅದೇ ಮಧ್ಯಾಹ್ನ ಇನ್ನೂ ಆರು ಸಲ ಅಣ್ಣ ಅದೇ ಚರಂಡಿಯಿಂದ ಬಂದ, ತಮ್ಮ ಹೇಳಿದ ದಾರಿ ತಪ್ಪಿರಲಾರದು, ತನ್ನ ಕೈಯದೇ ತಪ್ಪು ಎಂಬಂತೆ. ಆರು ಸಲವೂ ಹೊಡೆದ. ನಾಲ್ಕೂವರೆಗೆ ಹೆಡ್‌ಫೋನ್ ತೆಗೆದಾಗ ಕಿವಿ ಸುಡುತ್ತಿತ್ತು. ಕೆಳಗಿನ ದರ್ಜಿಯ ಹತ್ತಿರ ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಹೋಗಿ, ಗುಂಡಿ ಎನ್ನಲಾರದೆ ಗು, ಗು ಎಂದು ನಿಂತ. ದರ್ಜಿ ಅಂಗಿಯನ್ನು ಕೈಯಿಂದ ಕಿತ್ತುಕೊಂಡು, ಗೊತ್ತಾಯ್ತು ಬಿಡಿ ಸ್ವಾಮಿ, ಕತ್ತಲಾಗೋದರೊಳಗೆ ಹೇಳಿ ಮುಗಿಸೋದು ಬೇಡ್ವಾ ಎಂದ. ಬಟ್ಟೆ ಕತ್ತರಿಸುತ್ತಿದ್ದ ಇಬ್ಬರು ತಲೆ ಬಗ್ಗಿಸಿಕೊಂಡು ನಕ್ಕರು. ಅವನು ಅವರ ತಲೆಗಳನ್ನು ಒಂದೊಂದಾಗಿ ನೋಡಿದ. ಎರಡನೆಯವನನ್ನು ಮೊದಲು, ಎಂದುಕೊಂಡ.

ಹತ್ತು ದಿನ ಕಳೆದು ಅತ್ತಿಗೆ ಆಸ್ಪತ್ರೆಗೆ ಬಂದಳು. ಅಣ್ಣನ ಹಳೆಯ ವರದಿಗಳನ್ನು ತೆಗೆದುಕೊಂಡು ಹೋಗುವ ನೆಪ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಾಳಿ ಮುಗಿಯುವವರೆಗೆ ಕೂತಿದ್ದಳು. ಅಣ್ಣ ಬಲಗೈಯಲ್ಲಿ ಚಮಚ ಹಿಡಿಯುತ್ತಿದ್ದಾರೆ, ಗುಂಡಿ ಹಾಕಿಕೊಳ್ಳುತ್ತಾರೆ, ಎಲ್ಲ ಆ ಆಟದಿಂದಲೇ ಎಂದು ಮೊದಲು ಹೇಳಿದಳು. ಆಮೇಲೆ ಬಂದ ವಿಷಯಕ್ಕೆ ಬಂದಳು. ನಿನ್ನೆ ಆಟದಿಂದ ಎದ್ದವರು ಗೋಡೆ ಕಡೆ ತಿರುಗಿ ಅತ್ತುಬಿಟ್ಟರಂತೆ. ಯಾರೋ ಸೂಜಿ ಅಂತ ಇದ್ದಾನಂತೆ, ಪರದೆಯಲ್ಲಿ ಹೆಸರು ತೋರಿಸಿದರಂತೆ. ಅಷ್ಟು ಜನರಲ್ಲಿ ಇವರನ್ನೇ ಹುಡುಕಿ ಹುಡುಕಿ ಹೊಡೆಯುತ್ತಾನಂತೆ.

"ನಿನಗೆ ಅವನ ಪರಿಚಯ ಇದ್ರೆ ಒಂದು ಮಾತು ಹೇಳಪ್ಪ," ಎಂದಳು. "ಹುಷಾರಿಲ್ಲದ ಮನುಷ್ಯ ಅಂತ ಹೇಳು. ದಿನಾ ಬೇಡ, ಒಂದೇ ಒಂದು ದಿನ ಬಿಟ್ಟುಬಿಡ್ಲಿ. ಆ ಟ್ಯಾಂಕೋ ಏನೋ, ಒಂದು ಸಲ ಹತ್ತಿಬಿಟ್ರೆ ಸಾಕು ಅವರಿಗೆ."

ಅವನು ತಲೆಯಾಡಿಸಿದ. ಹೇ, ಹೇ ಎಂದು ತೊದಲಿದ್ದನ್ನು ಅವಳು ಒಪ್ಪಿಗೆಯೆಂದು ತೆಗೆದುಕೊಂಡಳು. ಎದ್ದು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ದನಿ ತಗ್ಗಿಸಿ ಹೇಳಿದಳು:

"ನಾನು ಕೇಳ್ದೆ ಅಂತ ಮಾತ್ರ ನಿಮ್ಮಣ್ಣಂಗೆ ಗೊತ್ತಾಗೋದು ಬೇಡ. ಅವರಿಗೆ ಉಳಿದಿರೋದು ಆ ಮರ್ಯಾದೆ ಒಂದೇ."

ದಾರಿಯುದ್ದಕ್ಕೂ ಅವನು ಅವಳ ಚಪ್ಪಲಿ ಒಂದು ಕಡೆ ಸವೆದದ್ದನ್ನೇ ನೆನೆಯುತ್ತಿದ್ದ. ಅಣ್ಣನನ್ನು ಬಲಗಡೆಯಿಂದ ಆನಿಸಿ ಎಬ್ಬಿಸಿ ಎಬ್ಬಿಸಿ ಅವಳ ನಡಿಗೆಯೇ ಒಂದು ಕಡೆ ವಾಲಿತ್ತು. ತಾನು ಎಂಥವನು ಎಂಬ ಪ್ರಶ್ನೆ ಬಾಗಿಲ ಬೀಗ ತೆಗೆಯುವಾಗ ಬಂತು, ಊಟಕ್ಕೆ ಕೂತಾಗಲೂ ಇತ್ತು. ಹೆಡ್‌ಫೋನ್ ಹಾಕಿಕೊಂಡಾಗ ಹೊಲಿಗೆ ಯಂತ್ರದ ಸದ್ದಿನ ಜೊತೆಗೆ ಅದೂ ನಿಂತುಹೋಯಿತು. ಆ ಮಧ್ಯಾಹ್ನ ಅವನು ಉಳಿದವರೆಲ್ಲರನ್ನೂ ಹೊಡೆದ. ಪಟ್ಟಿಯ ತುದಿಯಲ್ಲಿ ಅವನ ಹೆಸರೇ ಇತ್ತು. ಬ್ರೇಕ್ ಚರಂಡಿಯಿಂದ ಹೊರಬಂದಾಗ ಚುಕ್ಕಿಯನ್ನು ಅವನ ತಲೆಯ ಜೊತೆಜೊತೆಗೇ ನಡೆಸಿದ, ಒತ್ತಲಿಲ್ಲ. ಅಷ್ಟೇ ಅಲ್ಲ, ಲಾರಿಯ ಹಿಂದೆ ಅಣ್ಣನಿಗಾಗಿ ಹೊಂಚುತ್ತಿದ್ದ ತನ್ನ ಪಡೆಯವನಿಗೆ ಆ ಕಡೆ ಹೋಗು, ಈ ಕಡೆ ನಾನಿದ್ದೇನೆ ಎಂದು ಬರೆದು ಕಳಿಸಿದ. ಏಣಿಯ ಮೆಟ್ಟಿಲುಗಳನ್ನು ಹತ್ತಲು ಅಣ್ಣನಿಗೆ ಎಷ್ಟು ಹೊತ್ತು ಬೇಕಾಯಿತು! ಎರಡು ಸಲ ಜಾರಿ ಕೆಳಗೆ ಬಂದ, ಮತ್ತೆ ಹತ್ತಿದ. ಬಾವುಟ ಏರಿತು. ಬಯಲೆಲ್ಲ ಸದ್ದಾಯಿತು. ಎಲ್ಲರಿಗೂ ಕಾಣುವ ಸಾಲಿನಲ್ಲಿ ಬಹಳ ತಡವಾಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿರಬೇಕು, ಒಂದು ಪದ ಮೂಡಿತು: ಬಂದೆ. ಬಳಗದವರು ಚಪ್ಪಾಳೆಯ ಚಿತ್ರ ಹಾಕಿದರು. ಐದು ನಿಮಿಷಕ್ಕೆ ಫೋನ್ ಬಡಿದುಕೊಂಡಿತು. ಅತ್ತಿಗೆ ಅಣ್ಣನ ಕೈಗೆ ಕೊಟ್ಟಿರಬೇಕು. ಆ ಕಡೆಯಿಂದ ಉಸಿರಾಟ, ಆಮೇಲೆ ನಾನು, ನಾನು, ನಾನು. ಹತ್ತಿದೆ ಎಂಬ ಪದ ಬರಲಿಲ್ಲ. ಅವನು ಕಿವಿಗೆ ಫೋನ್ ಒತ್ತಿಕೊಂಡು, ಆ ಪದವನ್ನು ಕೊಡದೆ, ಕೇಳುತ್ತ ಕೂತ. ಆ ಕಡೆ ಅಣ್ಣ ನಗಲು ಶುರುಮಾಡಿದ. ಪದ ಸಿಗದಿದ್ದರೂ ನಗುತ್ತಿದ್ದ. ಅಣ್ಣ ಹಾಗೆ ನಗಬಲ್ಲ ಎಂಬುದನ್ನು ಅವನು ಲೆಕ್ಕ ಹಾಕಿರಲಿಲ್ಲ.

ಮರುದಿನ ಮತ್ತೆ ಹೊಡೆದ. ಅತ್ತಿಗೆ ಕೇಳಿದ್ದು ಒಂದೇ ದಿನ ಎಂದು ತನಗೆ ಹೇಳಿಕೊಂಡ. ನಿನ್ನೆ ಗೆದ್ದ ಅಣ್ಣ ಇವತ್ತು ಚರಂಡಿ ಬಿಟ್ಟು ಬಯಲಲ್ಲೇ, ಎದೆ ಎತ್ತಿಕೊಂಡು ಬಂದ. ಹಾಗೆ ಬಂದವನನ್ನು ಕೆಡಹುವುದು ಮೊದಲಿನದಕ್ಕಿಂತ ಎಷ್ಟೋ ರುಚಿಯಾಗಿತ್ತು. ಬಿಟ್ಟದ್ದು ಇದಕ್ಕಾಗಿಯೇ ಇರಬಹುದೇ ಎಂದು ಒಂದು ಕ್ಷಣ ಹೊಳೆಯಿತು. ಅದನ್ನು ಮುಂದುವರಿಸಿ ಯೋಚಿಸಲಿಲ್ಲ.

ಶನಿವಾರ ಪಟ್ಟಿಯಲ್ಲಿ ಬ್ರೇಕ್ ಇರಲಿಲ್ಲ. ಎರಡೂಕಾಲಾಯಿತು, ಎರಡೂವರೆಯಾಯಿತು. ಅವನು ಚರಂಡಿಯ ಬಾಯಿಗೆ ಚುಕ್ಕಿ ಇಟ್ಟು ಕೂತೇ ಇದ್ದ. ಪಡೆಯವರು ಬೈಯುತ್ತಿದ್ದರು. ಯಾರು ಯಾರೋ ಎದುರಿಂದ ಹಾದುಹೋದರೂ ಹೊಡೆಯುವ ಮನಸ್ಸಾಗಲಿಲ್ಲ. ಎಲ್ಲಿ ಸತ್ತ ಇವನು ಎಂದು ಬಾಯಲ್ಲೇ ಅಂದ, ಹೆಡ್‌ಫೋನಿನೊಳಗೆ ತನ್ನ ದನಿ ತನಗೇ ದಪ್ಪಗೆ ಕೇಳಿಸಿತು. ಆ ಮಾತೂ ಎಲ್ಲೂ ತಡೆಯದೆ ಬಂದಿತ್ತು. ಕೊನೆಗೆ ಯಾರೋ ಹಿಂದಿನಿಂದ ಬಂದು ಅವನನ್ನು ಕೆಡವಿದರು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವನ ಭುಜದ ಮೇಲೆ ಇನ್ನೊಂದು ಮುಖ ಇತ್ತು.

ಅಣ್ಣ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಿದ್ದ. ಅಂಗಿ ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿತ್ತು. ಎರಡು ಬೀದಿ ಒಬ್ಬನೇ ನಡೆದು, ಹದಿನಾಲ್ಕು ಮೆಟ್ಟಿಲು ಒಬ್ಬನೇ ಹತ್ತಿದ್ದ. ಬಿದ್ದ ಮೇಲೆ ಇದೇ ಮೊದಲು. ಬಂದದ್ದನ್ನು ತಮ್ಮನಿಗೆ ತೋರಿಸಲು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯಲಿಲ್ಲ. ಪರದೆ ಮತ್ತೆ ಬೆಳಗಿತು: ಮೂಲೆಯಲ್ಲಿ ದಪ್ಪ ಅಕ್ಷರದ ಸೂಜಿ, ಎದುರಿಗೆ ಕಾರ್ಖಾನೆಯ ಕಿಟಕಿ, ಕಿಟಕಿಯಾಚೆ ತುಕ್ಕು ಹಿಡಿದ ಲಾರಿ. ಅಣ್ಣ ಅದನ್ನು ನೋಡಿದ, ಅವನನ್ನು ನೋಡಿದ, ಮತ್ತೆ ಅದನ್ನು ನೋಡಿದ. ಎಡಗೈ ಮೇಲೆದ್ದು ತಮ್ಮನ ಕಡೆ ಚಾಚಿತು. ತುಟಿ ಒಂದು ಕಡೆಗೆ ಎಳೆಯಿತು.

"ನೀ," ಎಂದ ಅಣ್ಣ. "ನೀ, ನೀ."

ಮುಂದಿನ ಅಕ್ಷರ ಯಾವುದೆಂದು ಅವನಿಗೆ ಗೊತ್ತಿತ್ತು. ಅದು ಬರಲು ಒಂದು ನಿಮಿಷ ಬೇಕು, ಎರಡು ಬೇಕು. ಆದರೆ ಬಂದೇ ಬರುತ್ತದೆ, ಅಣ್ಣನ ಕಣ್ಣು ಅಷ್ಟು ಗಟ್ಟಿಯಾಗಿ ನಿಂತಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ಕಾಯಲಾಗಲಿಲ್ಲ.

"ನೀರಾ?" ಎಂದ. "ನೀರು ಬೇಕಾ ಅಣ್ಣ?"

ಅಣ್ಣ ತಲೆ ಅಡ್ಡಡ್ಡ ಆಡಿಸಿದ. ಮತ್ತೆ ನೀ ಎಂದ. ನೀರು ತಾನೇ, ಇರು ಎಂದು ಅವನು ಅಡುಗೆಕಟ್ಟೆಗೆ ಹೋಗಿ ಲೋಟ ತುಂಬಿಸಿಕೊಂಡು ಬಂದ. ಅಷ್ಟರಲ್ಲಿ ಕೆಳಗೆ ಗಲಾಟೆಯಾಗಿ, ಅತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಗಂಡ ಮನೆಯಲ್ಲಿಲ್ಲದ್ದು ಕಂಡು ಬೀದಿಯೆಲ್ಲ ಹುಡುಕಿದ್ದಳು. ಅಳುತ್ತಲೂ ನಗುತ್ತಲೂ ಇದ್ದಳು. ಒಬ್ಬರೇ ಬಂದ್ರಾ, ಇಷ್ಟು ಮೆಟ್ಟಿಲು ಹತ್ತಿದ್ರಾ ಎಂದು ಬೆವರು ಒರೆಸಿದಳು. ಅಣ್ಣ ಅವಳ ಕೈ ತಳ್ಳಿ, ಪರದೆಯ ಕಡೆ ತೋರಿಸಿ, ನೀ, ನೀ ಎಂದ. ಅವಳು ಪರದೆಯ ಕಡೆ ತಿರುಗುವ ಹೊತ್ತಿಗೆ ಅವನು ಗುಂಡಿ ಒತ್ತಿ ಅದನ್ನು ಆರಿಸಿದ್ದ. ಆಗಿನಿಂದ ನೀರು ಕೇಳುತ್ತಿದ್ದಾನೆ ಎಂದು ಲೋಟವನ್ನು ಅವಳ ಕೈಗೆ ಕೊಟ್ಟ. ಅವಳು ಗಂಡನ ಕುತ್ತಿಗೆಯ ಹಿಂದೆ ಕೈ ಕೊಟ್ಟು, ಮಗುವಿಗೆ ಕುಡಿಸುವ ಹಾಗೆ ಲೋಟವನ್ನು ಬಾಯಿಗೆ ಹಿಡಿದಳು. ಅರ್ಧ ನೀರು ಜಾರಿದ ತುಟಿಯ ಕಡೆಯಿಂದ ಅಂಗಿಯ ಮೇಲೆ ಇಳಿಯಿತು. ಲೋಟದ ಅಂಚಿನ ಮೇಲಿಂದ ಅಣ್ಣ ತಮ್ಮನನ್ನು ನೋಡುತ್ತಿದ್ದ. ಪೂರ್ತಿ ಕುಡಿದ.

ಆಮೇಲೆ ಅಣ್ಣ ಆಟಕ್ಕೆ ಬರಲಿಲ್ಲ. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದ್ದಾರೆ, ಯಾಕೆಂದು ಹೇಳುವುದಿಲ್ಲ ಎಂದು ಅತ್ತಿಗೆ ಬೇಸರಪಟ್ಟುಕೊಂಡಳು. ಅವನು ಕೆಲವು ದಿನ ಎರಡು ಗಂಟೆಗೆ ಕೂತು ನೋಡಿದ. ಗುರಿ ತಪ್ಪುತ್ತಿರಲಿಲ್ಲ, ಪಟ್ಟಿಯ ತುದಿಯಲ್ಲಿ ಹೆಸರಿರುತ್ತಿತ್ತು, ಆದರೆ ಕೆಡವಿದವರು ಯಾರೂ ಅವನಿಗೆ ಏನೂ ಆಗಿರಲಿಲ್ಲ. ಅಣ್ಣನ ಮನೆಗೆ ಹೋಗದಿರಲು ಪಾಳಿಯ ನೆಪ ಹೇಳಿದ. ಆದರೆ ಸುದ್ದಿ ತಪ್ಪುತ್ತಿರಲಿಲ್ಲ. ಮಾತು ಕಲಿಸುವ ಒಬ್ಬಾಕೆ ವಾರಕ್ಕೆ ಮೂರು ದಿನ ಬರುತ್ತಿದ್ದಾಳೆ. ಬಾಗಿಲು ಬಂತು, ಬಿಸಿ ಬಂತು, ಅತ್ತಿಗೆಯ ಹೆಸರು ಬಂತು. ಒಂದೊಂದು ಪದ ಬಂದಾಗಲೂ ಅತ್ತಿಗೆ ಫೋನ್ ಮಾಡಿ ಹೇಳುತ್ತಿದ್ದಳು, ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಬಂದ ಪದಗಳನ್ನು ಒಂದರ ಪಕ್ಕ ಒಂದು ಇಟ್ಟು ಅವುಗಳಿಂದ ಆ ವಾಕ್ಯ ಕಟ್ಟಲಾಗುತ್ತದೆಯೇ ಎಂದು ನೋಡುತ್ತಿದ್ದ. ನಿನಗೇ ಏನೋ ಹೇಳಬೇಕಂತೆ, ಅದೊಂದನ್ನೇ ದಿನಾ ಅಭ್ಯಾಸ ಮಾಡುತ್ತಾರೆ, ನನಗೂ ಕೇಳಿಸಗೊಡುವುದಿಲ್ಲ ಎಂದು ಅತ್ತಿಗೆ ನಕ್ಕು ಹೇಳಿದ ದಿನ ಅವನು ಒಬ್ಬ ರೋಗಿಯ ಎಡಗೈಗೆ ಬದಲು ಬಲಗೈಯ ಚಿತ್ರ ತೆಗೆದ. ಡಾಕ್ಟರು ಎಲ್ಲರೆದುರು ಫಿಲ್ಮನ್ನು ಅವನ ಎದೆಗೆ ಎಸೆದರು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ, ಇನ್ನು ತಪ್ಪಿಸಲಾಗದೆ ಊಟಕ್ಕೆ ಹೋದ. ಅಣ್ಣನ ಬಾಯಿ ನೆಟ್ಟಗಾಗಿತ್ತು. ಬಲಗೈಯಲ್ಲೇ ಊಟ ಮಾಡುತ್ತಿದ್ದ, ನಿಧಾನವಾಗಿ, ಚೆಲ್ಲದೆ. ಬಾ, ಕೂತ್ಕೋ ಎಂದ. ಅನ್ನ ಹಾಕು ಎಂದು ಹೆಂಡತಿಗೆ ಹೇಳಿದ. ಅವಳು ಹೆಮ್ಮೆಯಿಂದ ಮೈದುನನ ಮುಖ ನೋಡಿದಳು. ಅವನು ಅಣ್ಣನ ಬಾಯಿಯಿಂದ ಬರಬಹುದಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ: ನೀನೇ ಅವನು. ನೀನು ನನ್ನ ತಮ್ಮನಲ್ಲ. ಎಪ್ಪತ್ತು ದಿನ ಹೊಡೆದೆ. ಪ್ರತಿಯೊಂದಕ್ಕೂ ಒಂದು ಉತ್ತರ ಇತ್ತು. ನೀನು ನಲವತ್ತು ವರ್ಷ ಹೊಡೆದೆ ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು, ಅದನ್ನು ಅವನು ಬಚ್ಚಲಲ್ಲಿ ಗಟ್ಟಿಯಾಗಿ ಹೇಳಿ ನೋಡಿದ್ದ.

ಅಣ್ಣ ಕೈಯನ್ನು ತಟ್ಟೆಯ ಅಂಚಿನ ಮೇಲಿಟ್ಟ. ಅಭ್ಯಾಸ ಮಾಡಿದವನ ಹಾಗೆ, ಒಂದೊಂದು ಪದದ ಮುಂದೆ ಸ್ವಲ್ಪ ನಿಂತು, ಹೇಳಿದ.

"ಟ್ಯಾಂಕ್ ಹತ್ತಿದ ದಿನ. ನೀನು ಇದ್ದೆ. ಹೊಡೀಲಿಲ್ಲ. ಯಾಕೆ ಬಿಟ್ಟೆ?"

ಅತ್ತಿಗೆ ಬಡಿಸುವ ಸೌಟು ಹಿಡಿದುಕೊಂಡು ಇಬ್ಬರನ್ನೂ ನೋಡಿದಳು. ಯಾವ ಟ್ಯಾಂಕು, ಯಾರು ಬಿಟ್ಟದ್ದು ಎಂದು ಅವಳಿಗೆ ಇನ್ನೂ ತಾಳೆಯಾಗಿರಲಿಲ್ಲ. ಅಣ್ಣನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಬೇಡುವಂಥದ್ದು ಏನೋ ಇತ್ತು. ಗುಂಡು ತಪ್ಪಿತು, ನಾನು ನಿನ್ನನ್ನು ನೋಡಲಿಲ್ಲ, ನೀನು ನಿಜವಾಗಿಯೂ ಗೆದ್ದೆ, ಇವುಗಳಲ್ಲಿ ಯಾವುದನ್ನಾದರೂ ಹೇಳು ಎಂಬಂತೆ. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ಅಂದು ಕೊಡದ ಕನ್ನಡಕದಷ್ಟೇ ಸುಲಭವಾಗಿ ಅದನ್ನು ಕೊಡಬಹುದಿತ್ತು. ಅವನು ಉಸಿರು ಎಳೆದುಕೊಂಡ.

"ಅತ್ತಿಗೆ ಕೇಳ್ಕೊಂಡಿದ್ರು," ಎಂದ, ಎಲ್ಲೂ ತಡೆಯದೆ. "ಒಂದು ದಿನ ಬಿಟ್ಟುಬಿಡು ಅಂತ."

ಅಣ್ಣನ ಕುತ್ತಿಗೆ ಬಲಕ್ಕೆ ಇನ್ನೂ ಸಲೀಸಾಗಿ ತಿರುಗುತ್ತಿರಲಿಲ್ಲ. ಮೇಜು ಹಿಡಿದುಕೊಂಡು, ಕುರ್ಚಿಯ ಸಮೇತ ಇಡೀ ಮೈಯನ್ನು ತಿರುಗಿಸಿ ಹೆಂಡತಿಯನ್ನು ನೋಡಿದ. ಅವಳು ಗಂಡನನ್ನು ನೋಡಲಿಲ್ಲ. ಸೌಟಿನಿಂದ ಸಾರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀನಾ?" ಎಂದಳು ಮೈದುನನಿಗೆ. "ಅದು ನೀನಾ?"

ಅವನು ತಟ್ಟೆ ನೋಡುತ್ತ ಊಟ ಮುಂದುವರಿಸಿದ. ಹಾಕಿದ್ದಷ್ಟನ್ನೂ ಉಂಡ. ಬೇರೆ ಯಾರೂ ಉಣ್ಣಲಿಲ್ಲ.